ನಾಟಕಕ್ಕೆ ಮುಂಚಿನ ಊಟ

"ನಾನು ಮುಟ್ಟಿದಾಗ ಯಜಮಾನ್ರ ಕೈ ತಣ್ಣಗೆ ಕೊರೀತಿತ್ತು ಆಪಾ. ಬೆರಳು ಸೆಟೆದು ಹೋಗಿತ್ತು. ಹಂಗಾದ್ರೆ ಮುಕ್ಕಾಲು ಗಂಟೆ ಮುಂಚೆ ಹೋಟ್ಲಲ್ಲಿ ಕೂತು ಊಟ ಮಾಡಿದ್ದು ಯಾರು?"

ಅಡುಗೆಯ ಮುನಿಲಕ್ಷ್ಮಮ್ಮ ಹೀಗೆ ಕೇಳಿದಾಗ ಪುಲಿಕೇಶಿನಗರದ ಆ ಹಳೆಯ ಮನೆಯ ವರಾಂಡದಲ್ಲಿ ಇನ್ನೂ ಬಿಸಿಲಿತ್ತು. ಆದರೂ ಮಹಡಿಯಲ್ಲಿ ಬಾಡಿಗೆಗಿದ್ದ ವೈಷ್ಣವಿ ತನ್ನ ಕುರ್ಚಿಯನ್ನು ಗೋಡೆಗೆ ಸರಿಸಿಕೊಂಡಳು. ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ದೆವ್ವ ಭೂತ ಎಂದರೆ ನಗುವವಳು; ಆ ನಗು ಈಗ ಎಲ್ಲಿ ಹೋಗಿತ್ತೋ. ಮನೆಯೊಡತಿ ಜಹನಾರಾ ಮಾತ್ರ ಅಡಕೆ ಕತ್ತರಿಸುತ್ತಲೇ ಇದ್ದರು. ಕಲಬುರಗಿಯಲ್ಲಿ ಹುಟ್ಟಿ, ಮೂವತ್ತು ವರ್ಷ ಇಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು ಅವರು. ಏನೇ ಕಳವಾಗಲಿ, ಯಾರೇ ಕಾಣೆಯಾಗಲಿ, ಆ ಬೀದಿಯ ಜನ ಠಾಣೆಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು.

ನಡೆದದ್ದು ಇಷ್ಟು. 1999ರ ಫೆಬ್ರವರಿಯ ಒಂದು ಶನಿವಾರ ಕಲ್ಯಾಣ ನಗರದ ನಿವೃತ್ತ ಮೇಷ್ಟ್ರು ಸಂಗನಬಸಪ್ಪ, ಜೊತೆಗಿದ್ದ ಅಣ್ಣನ ಮಗ ಕೇದಾರನೊಂದಿಗೆ ನಾಟಕಕ್ಕೆ ಹೊರಟಿದ್ದರು. ನಾಟಕಕ್ಕೆ ಮುಂಚೆ ಪುಲಿಕೇಶಿನಗರದ ಹೊಸ ಸಸ್ಯಾಹಾರಿ ಹೋಟೆಲಿನಲ್ಲಿ ಊಟ. ಆರೂಕಾಲಿಗೆ ಮೇಷ್ಟ್ರು ತಲೆನೋವೆಂದು ಆಟೋ ಹತ್ತಿ ಮನೆಗೆ ಹೋದರಂತೆ. ಕೇದಾರ್ ಒಂಬತ್ತರವರೆಗೂ ನಾಟಕದಲ್ಲಿದ್ದನು. ಏಳಕ್ಕೆ ದೋಸೆಹಿಟ್ಟು ರುಬ್ಬಲು ಹೋದ ಮುನಿಲಕ್ಷ್ಮಮ್ಮನಿಗೆ ಕಂಡದ್ದು ಮುಖದ ಮೇಲೆ ದಿಂಬಿದ್ದ ಹೆಣ. ಆರೂಕಾಲಿನ ನಂತರ ಆ ಮನೆಗೆ ಹೋದವಳು ಅವಳೊಬ್ಬಳೇ ಎಂದು ಪೊಲೀಸರ ಲೆಕ್ಕ.

"ನಾಳೆ ಸಂಜೆ ಬಂದು ಕರ್ಕೊಂಡೋಗ್ತೀವಿ ಅಂದವ್ರೆ" ಎಂದು ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೇಷ್ಟ್ರು ಹೋಟೆಲಿಗೆ ಹೋಗ್ತಿದ್ರಾ?"

"ಮನೆಯಿಂದ ಮೂರನೇ ಅಂಗಡಿ ಖಾನಾವಳಿ ಆಪಾ, ಅಲ್ಲಿಗೆ ಮಾತ್ರ. ಒಂದಗುಳು ಬಿಡ್ತಿರಲಿಲ್ಲ. ತಟ್ಟೆ ತೊಳೆದ ನೀರನ್ನೂ ಪ್ರಸಾದ ಅಂತ ಕುಡಿದ್ಬಿಡೋರು. ಜನ ನೋಡ್ತಾರೆ ಅಂದ್ರೂ ಕೇಳ್ತಿರಲಿಲ್ಲ. ಇದ್ದ ಮನೇನೂ ವಿದ್ಯಾರ್ಥಿ ನಿಲಯಕ್ಕೆ ಬರ್ಕೊಡ್ತೀನಿ ಅಂತಿದ್ರು."

ಜಹನಾರಾ ಮತ್ತು ವೈಷ್ಣವಿ ಕಲ್ಯಾಣ ನಗರದ ಮನೆಗೆ ಹೋದಾಗ ಕೇದಾರ್ ಸತ್ತವರ ಆರಾಮಕುರ್ಚಿಯಲ್ಲೇ ಕೂತಿದ್ದನು. ಒಳಕೋಣೆಯ ಬಾಗಿಲು ಯಾರೂ ಮುಟ್ಟದೆ ಕಿರ್ ಎಂದಾಗ ವೈಷ್ಣವಿ ಜಹನಾರಾರ ತೋಳು ಹಿಡಿದುಕೊಂಡಳು.

"ಆ ಹೋಟೆಲನ್ನ ಆರಿಸಿದ್ದು ಯಾರು?" ಎಂದು ಜಹನಾರಾ ಕೇಳಿದರು.

"ನಾನೇ ರೀ. ಖಾನಾವಳಿಗೆ ಹೋದ್ರ ತಡ ಆಗ್ತದ ಅಂತ ಕಾಕಾಗ ಹೇಳ್ದೆ. ನನ್ನ ಗೆಳೆಯ ಸಿದ್ಧಲಿಂಗೇಶಂದು ಮುದುಕನ ಪಾರ್ಟ್ ಇತ್ತು, ಮೊದಲಿನಿಂದ ನೋಡಬೇಕಿತ್ತು."

ಅಲ್ಲಿಂದ ಹೋಟೆಲಿಗೆ. ಬಡಿಸಿದ್ದ ಶಫಿ ದೂರದಿಂದಲೇ ಮೂಲೆಯ ಟೇಬಲ್ ತೋರಿಸಿದನು. "ಸತ್ತವರು ಕೂತಿದ್ರು ಅಂತ ಸುದ್ದಿಯಾಗಿ ಈಗ ಅಲ್ಲಿ ಯಾರೂ ಕೂರಲ್ಲ ಮೇಡಂ. ಮಂಕಿ ಟೋಪಿ, ಬಿಳಿ ಮೀಸೆ. ಒಂದ್ ಮಾತೂ ಆಡ್ಲಿಲ್ಲ. ಅರ್ಧ ಊಟ ತಟ್ಟೇಲೇ ಬಿಟ್ಟು ಎದ್ರು. ಲೋಟದ ಅಂಚಿಗೆ ಬಿಳಿ ಪುಡಿ ಅಂಟಿತ್ತು, ವಿಭೂತಿ ಅಂದ್ಕೊಂಡೆ. ಪೊಲೀಸ್ರು ಫೋಟೋ ತೋರ್ಸಿದಾಗ ಇವ್ರೇ ಅಂದೆ."

ಖಾಲಿ ಕುರ್ಚಿ ಟೇಬಲಿನಿಂದ ತುಸು ಹಿಂದೆ ಸರಿದಿತ್ತು, ಈಗಷ್ಟೇ ಯಾರೋ ಎದ್ದು ಹೋದ ಹಾಗೆ. ವೈಷ್ಣವಿ ಆ ಕಡೆ ಮತ್ತೆ ನೋಡಲಿಲ್ಲ. ಜಹನಾರಾ ಹೋಗಿ ಅದೇ ಕುರ್ಚಿಯಲ್ಲಿ ಕೂತು ಕಾಫಿ ತರಿಸಿಕೊಂಡರು!

ಮರುದಿನ ನಾಲ್ಕಕ್ಕೆ ವರಾಂಡದಲ್ಲಿ ಎಲ್ಲರೂ ಸೇರಿದ್ದರು: ಸಬ್‌ಇನ್‌ಸ್ಪೆಕ್ಟರ್, ಕೇದಾರ್, ಸಿದ್ಧಲಿಂಗೇಶ, ಶಫಿ, ಮುನಿಲಕ್ಷ್ಮಮ್ಮ.

"ದೆವ್ವ ಊಟಕ್ಕೆ ಬರಲಿಲ್ಲ, ಮೇಷ್ಟ್ರೂ ಬರಲಿಲ್ಲ" ಎಂದು ಜಹನಾರಾ ಶುರು ಮಾಡಿದರು. "ತಡ ಆಗುತ್ತೆ ಅನ್ನೋರು ಮನೆ ಪಕ್ಕದ ಖಾನಾವಳಿ ಬಿಟ್ಟು ಗುರುತಿಲ್ಲದ ಹೋಟೆಲಿಗೆ ಯಾಕೆ ಹೋಗ್ಬೇಕು? ಖಾನಾವಳೀಲಿ ಮೇಷ್ಟ್ರು ಎಲ್ರಿಗೂ ಗೊತ್ತು, ಆ ಹೋಟೆಲಲ್ಲಿ ಯಾರಿಗೂ ಗೊತ್ತಿಲ್ಲ. ತಟ್ಟೆ ತೊಳೆದು ಕುಡಿಯೋ ಮನುಷ್ಯ ಅರ್ಧ ಊಟ ಬಿಟ್ಟು ಏಳ್ತಾನಾ? ನಮ್ಮ ಕಲಬುರಗಿ ಓಣಿಯ ಅಜ್ಜಂದಿರನ್ನ ನಾನು ಕಂಡಿದೀನಿ, ಪ್ರಾಣ ಹೋದ್ರೂ ಹಂಗೆ ಎದ್ದೇಳಲ್ಲ. ಲೋಟಕ್ಕೆ ಅಂಟಿದ್ದು ವಿಭೂತಿಯಲ್ಲ, ಮೀಸೆಗೆ ಹಚ್ಚಿದ್ದ ಬಿಳಿ ಬಣ್ಣ. ಏಳಕ್ಕೆ ರಂಗದ ಮೇಲೆ ನಿಲ್ಲಬೇಕಾದವನು ವೇಷ ಕೆಡದ ಹಾಗೆ ಎಷ್ಟು ತಿಂದಾನು? ಆ ಸಂಜೆ ಮುದುಕನ ವೇಷದಲ್ಲಿದ್ದವನು ಯಾರು ಅಂತ ಕೇದಾರನೇ ಹೇಳಿದ್ದ."

ಸಿದ್ಧಲಿಂಗೇಶ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡನು. "ಕೇದಾರ್ ಪಂದ್ಯ ಅಂದ ಮೇಡಂ. ಕಾಕಾನ ಥರ ಬಂದು ಕೂತ್ಕೋ, ಸರ್ವರ್ ನಂಬಿದ್ರೆ ನಿನ್ನ ಮೇಕಪ್ ಪಾಸು ಅಂದ. ಬೆಳಿಗ್ಗೆ ಸುದ್ದಿ ಕೇಳಿ ಹೆದರಿ ಬಾಯಿ ಬಿಡಲಿಲ್ಲ. ತಪ್ಪಾಯ್ತು."

"ನೀನು ಊಟಕ್ಕೆ ಕೂತಾಗ ಅವರು ಸತ್ತು ಎರಡು ಗಂಟೆಯಾದ್ರೂ ಆಗಿತ್ತಪ್ಪ. ಅದಕ್ಕೇ ಏಳಕ್ಕೆ ಕೈ ಅಷ್ಟು ತಣ್ಣಗಿದ್ದದ್ದು, ಬೆರಳು ಸೆಟೆದದ್ದು. ಮನೆಯನ್ನ ವಿದ್ಯಾರ್ಥಿ ನಿಲಯಕ್ಕೆ ಬರೆದುಕೊಡ್ತೀನಿ ಅಂದಿದ್ರಲ್ಲ, ಕೇದಾರ್?"

ಕೇದಾರ್ ಎದ್ದು ಮೆಟ್ಟಿಲ ಕಡೆ ಸರಿದನು. ಸಬ್‌ಇನ್‌ಸ್ಪೆಕ್ಟರ್ ಅವನ ರಟ್ಟೆ ಹಿಡಿದು ಜೀಪಿಗೆ ಹತ್ತಿಸಿದರು.

ವೈಷ್ಣವಿಗೆ ಕುಣಿಯುವಷ್ಟು ಸಂತೋಷ. "ಮುನಿಲಕ್ಷ್ಮಮ್ಮ, ಇನ್ನು ನಿಮ್ಮನ್ನ ಯಾರೂ ಕರ್ಕೊಂಡು ಹೋಗಲ್ಲ ರೀ!"

ಮುನಿಲಕ್ಷ್ಮಮ್ಮ ಕೂತಲ್ಲಿಂದ ಏಳಲಿಲ್ಲ.

"ಸಂಜೆ ಹೋಟ್ಲೂಟ ಐತೆ, ಮಧ್ಯಾಹ್ನ ಏನೂ ಮಾಡ್ಬೇಡ ಅಂದಿದ್ರು ಆಪಾ. ಹೆಂಗೋ ಉಂಡು ಹೋದ್ರಲ್ಲ ಅಂತ ಅದೊಂದು ಸಮಾಧಾನ ಇತ್ತು ನಂಗೆ. ಹಂಗಾದ್ರೆ ಹಸ್ಕೊಂಡೇ ಹೋದ್ರಾ?"

ಎಲ್ಲ ಪ್ರಶ್ನೆಗೂ ಉತ್ತರವಿದ್ದ ಜಹನಾರಾ ಅವಳ ಪಕ್ಕ ಬಂದು ಕೂತರು.