ಅರವತ್ತರವರೆಗೆ ಎಣಿಸುವವನು

ಕೋಳಿಮಾಂಸದ ಕಾರ್ಖಾನೆಯಲ್ಲಿ ಹಸಿ ಕೋಳಿಯನ್ನು ಚೀಲಕ್ಕೆ ಹಾಕಿ, ದ್ರಾವಣ ಸುರಿದು, ಒಂದು ನಿಮಿಷ ಚೆನ್ನಾಗಿ ಕುಲುಕಬೇಕು. ಆ ನೀರು ರೋಗಾಣು ಪರೀಕ್ಷೆಗೆ ಅವಳ ಲ್ಯಾಬಿಗೆ ಬರುತ್ತದೆ. ಎರಡು ವಾರದಿಂದ ಅವಳ ಹೊಸ ಪರೀಕ್ಷೆಯಲ್ಲಿ ಒಂದೇ ಒಂದು ರೋಗಾಣು ಸಿಕ್ಕಿರಲಿಲ್ಲ. ಅದೇ ಕಾರ್ಖಾನೆಯ ಕೋಳಿ ತಿಂದ ಅವಳ ಅಕ್ಕ ಮಾತ್ರ ಜ್ವರ, ಭೇದಿ ಎಂದು ನಾಲ್ಕು ದಿನ ಮಲಗಿದ್ದಳು.

"ಮಾದರಿ ತೆಗೆಯುವವರು ಪೂರ್ತಿ ನಿಮಿಷ ಕುಲುಕುತ್ತಿಲ್ಲ" ಎಂದು ಅವಳು ಕಾರ್ಖಾನೆಗೆ ಬರೆದಳು. ಬರೆಯುವಾಗ ಸಂಕಟವಾಯಿತು. ಮಾದರಿ ತೆಗೆದು ದಿನಾ ಬೆಳಿಗ್ಗೆ ಐಸ್‌ಬಾಕ್ಸಿನಲ್ಲಿ ತರುತ್ತಿದ್ದವನು ಅವನೇ; ಅವನಿಗಾಗಿ ಅವಳು ಹತ್ತು ನಿಮಿಷ ಮೊದಲೇ ಬಂದು ಕೂರುತ್ತಿದ್ದಳು.

ಮರುದಿನ ಅವನು ಐಸ್‌ಬಾಕ್ಸಿನ ಜೊತೆ ಒಂದು ಇಡೀ ಕೋಳಿಯನ್ನೂ ತಂದ.

"ನಾಳೆಯಿಂದ ನನ್ನನ್ನ ಪ್ಯಾಕಿಂಗ್‌ಗೆ ಹಾಕಿದಾರೆ, ಮೇಡಂ. ಹೋಗೋಕೆ ಮುಂಚೆ ನಿಮ್ಮ ಕಣ್ಣೆದುರೇ ಕುಲುಕಿ ತೋರಿಸ್ತೀನಿ."

ಅವಳು ಸ್ಟಾಪ್‌ವಾಚ್ ಒತ್ತಿದಳು. ಅವನು ಚೀಲ ಕುಲುಕುತ್ತಾ ಅವಳನ್ನೇ ನೋಡಿದ. ತುಟಿ ಮೆಲ್ಲಗೆ ಎಣಿಸುತ್ತಿತ್ತು. ಅವಳು ಗಡಿಯಾರ ನೋಡುವುದನ್ನೇ ಮರೆತಳು.

"ಎಷ್ಟಾಯ್ತು?"

"ನೀವೇ ಹೇಳಿ" ಎಂದಳು, ಕೆಂಪಾಗಿ.

"ಅರವತ್ತೆರಡು."

ಅವನ ತೋಳಿನಿಂದ ಹುಳಿ ವಾಸನೆ ಬಂತು. "ಇದೇನು?"

"ಕೋಳಿ ತೊಳೆಯೋ ಆಸಿಡ್. ಮಾದರಿ ತೆಗೆಯುವಾಗ ಇನ್ನೂ ತೊಟ್ಟಿಕ್ತಾ ಇರತ್ತೆ."

ಅವಳು ನಾಲಿಗೆ ಕಚ್ಚಿಕೊಂಡಳು. ಆಸಿಡ್ ಚೀಲದೊಳಕ್ಕೂ ಸೇರುತ್ತಿತ್ತು. ಕೋಳಿಯ ಮೇಲೆ ಉಳಿದಿದ್ದ ರೋಗಾಣುಗಳು ಲ್ಯಾಬಿಗೆ ಬರುವ ದಾರಿಯಲ್ಲೇ ಸಾಯುತ್ತಿದ್ದವು. ಅದನ್ನು ತಡೆಯುವಂಥದ್ದು ಅವಳ ದ್ರಾವಣದಲ್ಲಿ ಏನೂ ಇರಲಿಲ್ಲ. ಆ ದಿನವೇ ಆಸಿಡ್ಡಿನ ಶಕ್ತಿ ಮುರಿಯುವ ಪುಡಿ ಬೆರೆಸಿದ ದ್ರಾವಣ ಮಾಡಿದಳು. ಅವನು ಹಳೆಯದರಲ್ಲಿ ಒಂದು, ಹೊಸದರಲ್ಲಿ ಒಂದು ಮಾದರಿ ತಂದುಕೊಟ್ಟು ಹೋದ.

ಫಲಿತಾಂಶಕ್ಕೆ ಮೂರು ದಿನ ಕಾಯಬೇಕಿತ್ತು. ಅವಳಿಗೆ ಊಟ ಸೇರಲಿಲ್ಲ.

"ರೋಗಾಣು ಸಿಗಲಿಲ್ಲ ಅಂತ ಈ ಮುಖಾನೋ, ಇಲ್ಲಾ ಅವನು ಸಿಗಲ್ಲ ಅಂತಲೋ?" ಎಂದಳು ಅಕ್ಕ.

ನಾಲ್ಕನೆಯ ಬೆಳಿಗ್ಗೆ ಹಳೆಯ ದ್ರಾವಣದ ಮಾದರಿ ಬೆಳೆಸಿದ್ದ ತಟ್ಟೆ ಖಾಲಿ ಇತ್ತು. ಹೊಸದರ ತುಂಬಾ ರೋಗಾಣುಗಳ ಕಪ್ಪು ಚುಕ್ಕಿಗಳು. ಅವಳು ಕೋಟನ್ನೂ ಬಿಚ್ಚದೆ ಕಾರ್ಖಾನೆಯ ಗೇಟಿಗೆ ಓಡಿ ಅವನನ್ನು ಹೊರಗೆ ಕರೆಸಿದಳು.

"ತಪ್ಪು ನಂದು. ನಿಮ್ಮ ಮ್ಯಾನೇಜರ್‌ಗೂ ಬರೆದು ಕೊಟ್ಟೆ."

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದಳಂತೆ" ಎಂದು ಅವನು ನಕ್ಕ.

"ಅನ್ನಿ, ಎಷ್ಟು ಬೇಕಾದ್ರೂ ಅನ್ನಿ. ನಾಳೆಯಿಂದ ಮತ್ತೆ ನೀವೇ ಬರಬೇಕು."

"ಕೋಳಿ ತರೋಕಾ?"

"ಕೋಳಿ ಯಾರಾದ್ರೂ ತರ್ತಾರೆ. ನನಗೆ ನೀವು ಬೇಕು."

ಅವನು ಗ್ಲೌಸ್ ಬಿಚ್ಚಿ ಅವಳ ಕೈ ಹಿಡಿದ.

"ಒಂದು ಸುಳ್ಳು ಹೇಳಿದ್ದೆ ಮೇಡಂ. ಅವತ್ತು ಅರವತ್ತೆರಡು ಅಂದ್ನಲ್ಲ? ನಿಮ್ಮನ್ನ ನೋಡ್ತಾ ಇಪ್ಪತ್ತಕ್ಕೇ ಎಣಿಕೆ ತಪ್ಪಿತ್ತು."