ಕೀ ಕೊಟ್ಟ ಮೇಲೆ ಹೇಳುವ ಮಾತು

"ಮನೆ ಖಾಲಿ ಮಾಡ್ಬೇಕು."

ಅವನು ಅವಳಿಗೆ ಹೇಳಿದ ಮೊಟ್ಟಮೊದಲ ಮಾತೇ ಇದು! ನಮಸ್ಕಾರ ಇಲ್ಲ, ಚೆನ್ನಾಗಿದ್ದೀರಾ ಎಂಬ ಉಪಚಾರವಿಲ್ಲ. ಬಾಗಿಲ ಮುಂದೆ ನಿಂತವನ ಕೈಯಲ್ಲಿ ಸುತ್ತಿಗೆ, ತಲೆಗೂದಲಿನ ತುಂಬ ಸುಣ್ಣದ ಪುಡಿ.

ಬಾಗಿಲು ತೆರೆದವಳೂ ಬರಿಗೈಯಲ್ಲಿ ಇರಲಿಲ್ಲ. ಅವಳ ಅಂಗೈಯಲ್ಲಿ ಆಗಷ್ಟೇ ಅಚ್ಚಿನಿಂದ ಬಿಡಿಸಿದ ಪೂರ್ತಿ ಒಂದು ಹಲ್ಲಿನ ಸೆಟ್ ಕೂತಿತ್ತು! ಡೆಂಟಿಸ್ಟ್‌ಗಳಿಗೆ ಹಲ್ಲಿನ ಸೆಟ್ ಮಾಡಿಕೊಡುವುದು ಅವಳ ಕೆಲಸ. ಬೀದಿಯವರೆಲ್ಲ ಅವಳನ್ನು 'ಹಲ್ಲಿನ ಮೇಡಂ' ಎಂದೇ ಕರೆಯುತ್ತಿದ್ದರು.

"ಯಾರು ನೀವು?"

"ನಾನು... ಓನರ್. ಕೆಳಗಿನ ಮನೇಲಿದ್ದು ತೀರ್ಕೊಂಡ್ರಲ್ಲ, ಅವರ ಸೋದರಳಿಯ. ಮನೆ ಈಗ ನನಗೆ ಬಂದಿದೆ. ಕೆಳಗೆ ಬೋರ್ಡ್ ಬರೆಯೋ ಅಂಗಡಿ ಹಾಕ್ತಿದ್ದೀನಿ." ಅವನು ಸುತ್ತಿಗೆಯಿಂದ ಮೇಲೆ ತೋರಿಸಿದ. "ಸೂರಲ್ಲೆಲ್ಲ ಬಿರುಕು ಬಿಟ್ಟಿದೆ. ರಿಪೇರಿ ಮಾಡಿಸ್ಬೇಕು. ಒಂದು ತಿಂಗಳಲ್ಲಿ ಖಾಲಿ ಮಾಡ್ಬಿಡಿ."

ರಿಪೇರಿ!

ಆ ಒಂದು ಪದವನ್ನು ಅವಳು ಮುಂಚೆಯೂ ಕೇಳಿದ್ದಳು.

"ಯಾರೇ ಪುಟ್ಟಿ ಅದು? ಹಲ್ಲು ತಗೊಂಡು ಹೋಗೋಕೆ ಬಂದವರಾ?" ಒಳಗಿನಿಂದ ಅಜ್ಜಿಯ ದನಿ.

"ಇಲ್ಲ ಅಜ್ಜಿ. ಹಲ್ಲು ಮುರಿಸ್ಕೊಳ್ಳೋಕೆ ಬಂದವರು!"

ಬಾಗಿಲು ದಢಾರನೆ ಮುಚ್ಚಿಕೊಂಡಿತು. ಅವಳು ಚಿಲಕ ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ಮತ್ತೊಮ್ಮೆ ಎಳೆದು ನೋಡಿದಳು.

ಬಾಯಿ ಜೋರಿನ ಹೆಣ್ಣು ಎಂದುಕೊಳ್ಳಬೇಡಿ. ಹಿಂದೆ ಬೇರೊಂದು ಊರಿನಲ್ಲಿದ್ದಾಗಲೂ ಓನರೊಬ್ಬ ಹೀಗೆಯೇ ರಿಪೇರಿ ಎಂದಿದ್ದ. ಪಾಪ, ಅಜ್ಜಿ ಮೊಮ್ಮಗಳು ನಂಬಿ ಸಾಮಾನು ಹೊತ್ತುಕೊಂಡು ಹೊರಟಿದ್ದರು. ವಾಪಸ್ ಬಂದು ನೋಡಿದರೆ ಅವರ ಬಾಲ್ಕನಿಯಲ್ಲಿ ಇನ್ಯಾರದೋ ಬಟ್ಟೆ ಒಣಗುತ್ತಿತ್ತು! ದೂರು ಕೊಡಲು ಹೋದರೆ, "ನೀವಾಗಿ ಹೊರಗೆ ಕಾಲಿಟ್ಟ ದಿನವೇ ನಿಮ್ಮ ಹಕ್ಕು ಮುಗೀತು" ಎಂದರು. ಆ ಊರಿನ ಕಾನೂನೇ ಹಾಗಿತ್ತು.

ಈ ಮನೆಗೆ ಬಂದ ಮೇಲೆ ಅಜ್ಜಿಯ ಕಣ್ಣು ಪೂರ್ತಿ ಹೋಯಿತು. ಆದರೆ ಅಷ್ಟರೊಳಗೆ ಮನೆ ಅವರ ಕೈಗೆ, ಕಾಲಿಗೆ ಬಂದುಬಿಟ್ಟಿತ್ತು. ಗೋಡೆ ಸವರಿಕೊಂಡು ಹೋಗಿ ನೀರು ಕುಡಿಯುತ್ತಿದ್ದರು, ಒಲೆ ಹಚ್ಚುತ್ತಿದ್ದರು, ಬಾಲ್ಕನಿಯಲ್ಲಿ ಕೂತು ಬೀದಿಯ ಜಗಳವೆಲ್ಲ ಕೇಳಿಸಿಕೊಂಡು ಯಾರದು ತಪ್ಪು ಎಂದು ತೀರ್ಪನ್ನೂ ಕೊಡುತ್ತಿದ್ದರು. ಈ ಮನೆಯಲ್ಲಿ ಅಜ್ಜಿ ಕುರುಡಿ ಅಲ್ಲ. ಬೇರೆ ಮನೆಗೆ ಹೋದರೆ, ಒಂದು ಲೋಟ ನೀರಿಗೂ ಯಾರನ್ನಾದರೂ ಕೂಗಬೇಕು.

'ಇಲ್ಲ... ಏನೇ ಆದ್ರೂ ಈ ಮನೆ ಬಿಡಲ್ಲ!' ಎಂದು ಅವಳು ಮನಸ್ಸಿನಲ್ಲೇ ಗಟ್ಟಿಯಾದಳು.

ಅಂದಿನಿಂದ ಕೆಳಗಿನ ಮನೆಗೂ ಮೇಲಿನ ಮನೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಹೊರಗೆ ಹೋದಾಗ ಇವನೇನಾದರೂ ಬೀಗ ಬದಲಾಯಿಸಿಬಿಟ್ಟರೆ ಎಂಬ ಭಯಕ್ಕೆ ಅವಳು ಹಲ್ಲುಗಳನ್ನು ಕ್ಲಿನಿಕ್ಕಿಗೆ ಓಡಿಕೊಂಡು ಹೋಗಿ ಕೊಟ್ಟು, ಓಡಿಕೊಂಡೇ ವಾಪಸ್ ಬರುತ್ತಿದ್ದಳು. ಮೆಟ್ಟಿಲಲ್ಲಿ ಎದುರಾದರೆ ಸಾಕು, ಶುರು.

"ಮೇಡಂ, ನಮ್ಮೂರಲ್ಲಿ ಓನರ್ ಒಂದು ತಿಂಗಳು ಮುಂಚೆ ಹೇಳಿದ್ರೆ ಸಾಕು, ಬಾಡಿಗೆಯವರು ಹೋಗ್ಲೇಬೇಕು. ಅದು ಕಾನೂನು!"

"ನಮ್ಮೂರಲ್ಲಿ ಹೊರಗೆ ಕಾಲಿಟ್ಟವರಿಗೆ ಮನೆ ವಾಪಸ್ ಸಿಗಲ್ಲ. ಅದೂ ಕಾನೂನೇ! ಅದಕ್ಕೇ ನಾನು ಕಾಲಿಡಲ್ಲ."

"ಸೂರು ಬಿದ್ರೆ?"

"ಬೀಳ್ಲಿ!"

ಬಾಯಿಂದ ಬಂದ ಮಾತು ಸುಮ್ಮನೆ ಹೋಗುತ್ತದೆಯೇ? ಒಂದು ಬೆಳಿಗ್ಗೆ ಬಾಲ್ಕನಿಯ ಸೂರಿನ ಗಾರೆ ದೊಪ್ಪನೆ ಕಳಚಿ ಬಿತ್ತು. ಅಜ್ಜಿಯ ಕುರ್ಚಿಯ ಪಕ್ಕಕ್ಕೇ!

ಅವಳು ಒಳಗಿನಿಂದ ಓಡಿ ಬರುವಷ್ಟರಲ್ಲಿ ಅವನು ಮೆಟ್ಟಿಲು ಹಾರಿಕೊಂಡು ಬಂದಿದ್ದ. ಅಜ್ಜಿಯನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ತಂದು ಕೂರಿಸಿದ. ಅವನ ಕೈ ಥರಥರ ನಡುಗುತ್ತಿತ್ತು, ಕಣ್ಣಲ್ಲಿ ನೀರು.

"ಅಜ್ಜೀ, ಏನೂ ಆಗಿಲ್ಲ ತಾನೇ? ಎಲ್ಲಾದ್ರೂ ನೋವಿದೆಯಾ? ಹೇಳಿ ಅಜ್ಜೀ..."

ಅವಳು ಆ ಕೈಯನ್ನೇ ನೋಡಿದಳು. ನಾಟಕ ಆಡುವವನ ಕೈ ಹೀಗೆ ನಡುಗುವುದಿಲ್ಲ. ಹಾಗಾದರೆ ಇವನು ಹೇಳಿದ್ದೆಲ್ಲ ನಿಜವೇ? ಸುಳ್ಳು ನೆಪ ಅಲ್ಲವೇ?

ಅಜ್ಜಿ ಸೆರಗಿನಿಂದ ತಲೆ ಕೊಡವಿಕೊಂಡರು. "ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭ ಅಂತಾರೆ. ನನಗೆ ಬಂದ ಲಾಭ ನೋಡಿ, ತಲೆ ತುಂಬ ಸುಣ್ಣ! ನಮ್ಮೂರು, ನಿಮ್ಮೂರು ಅಂತ ಕಿತ್ತಾಡ್ತೀರಲ್ಲ, ಈ ಊರಲ್ಲಿ ಕೇಳೋರು ಹೇಳೋರು ಯಾರೂ ಇಲ್ವಾ?"

ಇದ್ದರು. ಮಾರನೆಯ ದಿನ ಮೂವರೂ ಬಾಡಿಗೆ ವ್ಯಾಜ್ಯಗಳ ಕಚೇರಿಯ ಬೆಂಚಿನ ಮೇಲೆ ಕೂತಿದ್ದರು. ಆ ತುದಿಗೆ ಅವನು, ಈ ತುದಿಗೆ ಅವಳು, ನಡುವೆ ಅಜ್ಜಿ.

ಒಳಗಿದ್ದ ಅಧಿಕಾರಿಣಿಗೆ ವಿಪರೀತ ನೆಗಡಿ. ಇಬ್ಬರ ಕೂಗಾಟವನ್ನೂ ಕರವಸ್ತ್ರ ಹಿಡಿದುಕೊಂಡೇ ಕೇಳಿದರು. ಆಮೇಲೆ ಇಬ್ಬರೂ ಮುಂಚೆ ಎಲ್ಲಿದ್ದರು ಎಂದು ವಿಚಾರಿಸಿದರು. ಉತ್ತರ ಕೇಳಿ ತಲೆ ಚಚ್ಚಿಕೊಂಡರು.

"ನೀವು ಆ ಊರಿನ ಕಾನೂನು ಹೇಳ್ತೀರಿ. ಇವರು ಇನ್ನೊಂದು ಊರಿನ ಕಾನೂನು ಹೇಳ್ತಾರೆ. ಇರೋದು ಈ ಊರಲ್ಲಿ! ಊರು ಬಿಟ್ಟು ಬರುವಾಗ ಅಲ್ಲಿನ ಕಾನೂನನ್ನೂ ಗಂಟು ಕಟ್ಕೊಂಡು ಬಂದ್ರಾ?"

ಇಬ್ಬರೂ ತಲೆ ತಗ್ಗಿಸಿದರು. ಅಜ್ಜಿ ಮಾತ್ರ ಸಂತೋಷದಿಂದ ತಲೆಯಾಡಿಸಿದರು.

"ಕೇಳಿ. ಇಲ್ಲಿ ಓನರ್ ಬಾಯಿಮಾತಲ್ಲಿ ಖಾಲಿ ಮಾಡಿ ಅನ್ನೋ ಹಾಗಿಲ್ಲ. ಅಪಾಯ ಇದೆ ಅಂತ ನಮ್ಮ ಇಂಜಿನಿಯರ್ ಒಪ್ಪಬೇಕು. ಒಪ್ಪಿದ್ರೆ, ರಿಪೇರಿ ಮುಗಿಯೋವರೆಗೆ ಇವರಿಗೆ ಇರೋಕೆ ಜಾಗ ಓನರೇ ಕೊಡಬೇಕು. ಮುಗಿದ ಮೇಲೆ ಅದೇ ಮನೆ, ಅದೇ ಬಾಡಿಗೆ, ಇವರಿಗೇ ವಾಪಸ್. ಬೇರೆಯವರನ್ನ ತಂದಿಟ್ಟರೆ ನಾನೇ ಬಂದು ಬಿಡಿಸ್ತೀನಿ." ಅವರು ಅವಳತ್ತ ತಿರುಗಿದರು. "ನಿಮಗೂ ಅಷ್ಟೇ ಅಮ್ಮಾ. ಅಪಾಯ ಇರೋ ಮನೇಲಿ ರಿಪೇರಿಗೆ ಅಡ್ಡ ನಿಲ್ಲೋ ಹಕ್ಕು ಬಾಡಿಗೆದಾರರಿಗೂ ಇಲ್ಲ."

"ಅಂದ್ರೆ... ನಾವು ಹೊರಗೆ ಬಂದ್ರೂ... ಮನೆ ನಮ್ಮದೇ ಆಗಿರುತ್ತಾ?"

"ಆಗಿರುತ್ತೆ."

ಅಷ್ಟು ಸಾಕಾಯಿತು. ಎಷ್ಟೋ ವರ್ಷದಿಂದ ಬಿಗಿಹಿಡಿದಿದ್ದ ಉಸಿರು ಒಮ್ಮೆಲೇ ಹೊರಬಂತು. ಅವಳು ಅಲ್ಲೇ, ಅಷ್ಟು ಜನರ ಮುಂದೆ, ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು. ನೆಗಡಿಯ ಅಧಿಕಾರಿಣಿ ಗಾಬರಿಯಾಗಿ ತಮ್ಮ ಕರವಸ್ತ್ರವನ್ನೇ ಕೊಡಲು ಹೋಗಿ, ಯೋಚಿಸಿ ಹಿಂದೆ ತೆಗೆದುಕೊಂಡರು.

ಹೊರಗೆ ಬಂದಾಗ ಅವನು ಮೆಲ್ಲಗೆ ಹೇಳಿದ, "ಕ್ಷಮಿಸಿ. ನಿಜವಾಗ್ಲೂ ನನಗೆ ಗೊತ್ತಿರ್ಲಿಲ್ಲ."

"ನೀವು ಕೇಳ್ಲೂ ಇಲ್ಲ."

"ನೀವೂ ಕೇಳ್ಲಿಲ್ಲ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಅವನು ಅವಳ ನಗು ನೋಡಿದ್ದು ಅದೇ ಮೊದಲು. ಹಲ್ಲಿನ ಮೇಡಂಗೆ ಇಷ್ಟು ಚಂದದ ಸ್ವಂತ ಹಲ್ಲುಗಳಿವೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ!

ಇಂಜಿನಿಯರರ ಒಪ್ಪಿಗೆ ಬಂತು. ಅಜ್ಜಿ ಮೊಮ್ಮಗಳಿಗೆ ಅವನು ತಾನಿದ್ದ ಕೆಳಗಿನ ಮನೆಯನ್ನೇ ಬಿಟ್ಟುಕೊಟ್ಟು, ಪಕ್ಕದ ತನ್ನ ಅಂಗಡಿಯ ಹಸಿ ಬೋರ್ಡುಗಳ ನಡುವೆ ಚಾಪೆ ಹಾಸಿಕೊಂಡ.

ಸಾಮಾನು ಇಳಿಸುವ ಮುನ್ನ ಮನೆ ನೋಡಿಕೊಂಡು ಬರಲು ಅವಳು ಕೆಳಗೆ ಹೋದಳು. ಬಾಗಿಲು ತೆರೆದೇ ಇತ್ತು. ಒಳಗೆ ಅವನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಗೋಡೆ ತಡವುತ್ತಾ ನಡೆಯುತ್ತಿದ್ದ! ಮಂಚದ ಕಾಲಿಗೆ ಮಂಡಿ ಬಡಿದು, "ಅಯ್ಯಪ್ಪಾ!" ಎಂದು ಕುಂಟಿದ.

"ಏನ್ ಮಾಡ್ತಿದ್ದೀರಿ ನೀವು?"

ಅವನು ಬೆಚ್ಚಿಬಿದ್ದು ಬಟ್ಟೆ ಕಿತ್ತ. ಕಿವಿ ಕೆಂಪಾಗಿತ್ತು. "ಅದು... ಮೇಲೆ ಕೆಳಗೆ ಎರಡೂ ಮನೆ ಒಂದೇ ಅಳತೆ. ಮಂಚ, ಒಲೆ, ನೀರು, ಎಲ್ಲ ಮೇಲಿದ್ದ ಕಡೆಗೇ ಇಟ್ಟಿದ್ದೀನಿ. ಅಜ್ಜಿಗೆ ಸಿಗುತ್ತೋ ಇಲ್ವೋ ಅಂತ ನೋಡ್ತಿದ್ದೆ. ಮಂಚ ಒಂಚೂರು ಸರಿಸ್ಬೇಕು."

ಅವಳು ಬಂದು ಮಂಚದ ಇನ್ನೊಂದು ತುದಿ ಹಿಡಿದಳು. "ಇದೂ ಕಾನೂನಲ್ಲಿದೆಯಾ?"

"ಇಲ್ಲ..."

ಅಂದು ಸಂಜೆ ಅಜ್ಜಿ ಹೊಸ ಮನೆಯಲ್ಲಿ ಗೋಡೆ ಸವರಿಕೊಂಡು ನೇರವಾಗಿ ನೀರಿನ ಹತ್ತಿರ ಹೋಗಿ, ಲೋಟ ತುಂಬಿಸಿಕೊಂಡು ಗಟಗಟನೆ ಕುಡಿದರು. ಅವಳು ಅವನನ್ನು ನೋಡಿದಳು. ಅವನು ಪರೀಕ್ಷೆ ಪಾಸಾದವನ ಹಾಗೆ ಹಲ್ಲು ಬಿಡುತ್ತಿದ್ದ. ಅವಳ ಮನಸ್ಸು ಅವಳ ಮಾತು ಕೇಳದೆ ಜಾರಿಬಿಟ್ಟದ್ದು ಆಗಲೇ.

ಆಮೇಲಿನ ದಿನಗಳು ಹೇಗೆ ಹೋದವೋ! ಮೇಲೆ ಸುತ್ತಿಗೆಯ ಸದ್ದು, ಕೆಳಗೆ ಮೂವರ ಹರಟೆ. ಅವನು ಬೋರ್ಡು ಬರೆಯುತ್ತಾ ಅಜ್ಜಿಗೆ ಬಣ್ಣಗಳನ್ನು ವರ್ಣಿಸುತ್ತಿದ್ದ. ಅವಳು ಹಲ್ಲು ತಿದ್ದುತ್ತಾ ಕೇಳಿಸಿಕೊಳ್ಳುತ್ತಿದ್ದಳು.

ಒಂದು ಸಂಜೆ ಕುಂಚ ಎತ್ತಿಕೊಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಬೆರಳು ತೆಗೆಯಲಿಲ್ಲ.

"ನಾವು ಮೇಲೆ ಹೋದ್ಮೇಲೆ... ನಿಮಗೆ ನಿರಾಳ ಅಲ್ವಾ?" ಅವಳು ಕೇಳಿದಳು.

ಅವನು ಏನೋ ಹೇಳಲು ಬಾಯಿ ತೆರೆದ. ಆಮೇಲೆ ಸರಕ್ಕನೆ ಕೈ ಹಿಂದೆಗೆದುಕೊಂಡ. "ಕೆಲಸ ಇದೆ" ಎಂದು ಎದ್ದು ಹೋದ.

ಅಷ್ಟೇ! ಅಂದಿನಿಂದ ಅವನು ಬಂದರೆ ಸಿಮೆಂಟಿನ ಮಾತು, ಹೋದರೆ ಮರಳಿನ ಮಾತು. ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡುವುದನ್ನೂ ಬಿಟ್ಟ.

'ಬಾಡಿಗೆಯವಳಿಗೆ ಸಲಿಗೆ ಜಾಸ್ತಿ ಆಯ್ತು ಅನ್ನಿಸ್ತೇನೋ... ನಾನೇ ಏನೇನೋ ಕಲ್ಪಿಸಿಕೊಂಡೆ' ಎಂದು ಅವಳು ರಾತ್ರಿ ದಿಂಬು ಒದ್ದೆ ಮಾಡಿದಳು. ಅಜ್ಜಿಗೆ ಕಣ್ಣಿಲ್ಲ ನಿಜ, ಕಿವಿ ಚೆನ್ನಾಗಿತ್ತು.

ಮೇಲೆ ಸುತ್ತಿಗೆಯ ಸದ್ದು ನಿಂತಿತು. ಕೆಲಸದವರು ಏಣಿ ಎತ್ತಿಕೊಂಡು ಹೋದರು. ಕೀ ಮಾತ್ರ ಅವಳ ಕೈಗೆ ಬರಲಿಲ್ಲ.

ಒಂದು ಮಧ್ಯಾಹ್ನ ಕ್ಲಿನಿಕ್ಕಿನಿಂದ ಬರುವಾಗ ಅವಳು ತಲೆಯೆತ್ತಿ ನೋಡಿದಳು. ಬಾಲ್ಕನಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು! ಅವನು ನಿಂತು ಇಬ್ಬರಿಗೂ ಮನೆ ತೋರಿಸುತ್ತಿದ್ದ.

"ಅಡಿಗೆಮನೆ ಚೆನ್ನಾಗಿ ಬಂದಿದೆ ಕಣ್ರೀ" ಎಂದ ಆ ಹೆಂಗಸಿನ ದನಿ ಬೀದಿಗೇ ಕೇಳಿಸಿತು.

ಅವಳ ಕಣ್ಣು ಕತ್ತಲಿಟ್ಟಿತು. ಮತ್ತೆ ಅದೇ... ಅದೇ ಬಾಲ್ಕನಿ, ಅದೇ ಪರರು! ಮೆಟ್ಟಿಲು ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ.

"ಯಾರಿವರು? ನನ್ನ ಮನೆಗೆ ಇನ್ಯಾರನ್ನ ತರ್ತಿದ್ದೀರಿ? ನಿಮ್ಮನ್ನ ನಂಬಿದ್ದೆನಲ್ಲ... ಛೀ! ನಿಮಗಿಂತ ಆ ಹಳೇ ಓನರೇ ಮೇಲು! ಅವನು ಕಣ್ಣಿಗೆ ಬಟ್ಟೆ ಕಟ್ಕೊಂಡು ನಮ್ಮನ್ನ ಮರುಳು ಮಾಡಿರ್ಲಿಲ್ಲ!"

ಆ ಗಂಡಸು ಕೈಯಲ್ಲಿದ್ದ ಟೇಪನ್ನು ಸುತ್ತಿಕೊಳ್ಳುತ್ತಾ ಕೆಮ್ಮಿದ. "ಅಮ್ಮಾ... ನಾನು ಬಾಡಿಗೆ ಕಚೇರಿಗೆ ಹೊಸದಾಗಿ ಬಂದಿರೋ ಇಂಜಿನಿಯರ್. ಇವರು ನನ್ನ ಸಹಾಯಕಿ. ಕೆಲಸ ಸರಿಯಾಗಿದೆಯಾ ಅಂತ ನಾವು ನೋಡದೆ ನಿಮ್ಮನ್ನ ವಾಪಸ್ ಸೇರಿಸೋ ಹಾಗಿಲ್ಲ." ಆಮೇಲೆ ಅವನತ್ತ ತಿರುಗಿ, "ಎಲ್ಲ ಸರಿ ಇದೆ ಕಣ್ರೀ. ಇವರಿಗೆ ಕೀ ಕೊಟ್ಬಿಡಿ, ಬೇಗ ಕೊಟ್ಬಿಡಿ" ಎಂದ. ಇಬ್ಬರೂ ಸರಸರ ಇಳಿದು ಹೋದರು.

ಹೊಸ ಬಣ್ಣದ ವಾಸನೆಯ ಖಾಲಿ ಕೋಣೆ. ಅವಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅವನು ಜೇಬಿನಿಂದ ಕೀ ತೆಗೆದು ಅವಳ ಅಂಗೈಯಲ್ಲಿಟ್ಟ. ಇಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತ.

"ಈಗ ಈ ಮನೆ ಮತ್ತೆ ನಿಮ್ದು. ನಾನು ಸಿಟ್ಟಾದ್ರೂ, ಬೇಜಾರಾದ್ರೂ, ಏನೇ ಆದ್ರೂ ನಿಮ್ಮನ್ನ ಇಲ್ಲಿಂದ ಕಳಿಸೋಕೆ ಆಗಲ್ಲ. ಅಲ್ವಾ?"

"ಹೂಂ... ಆಗಲ್ಲ."

"ಸದ್ಯ!" ಅವನು ದೀರ್ಘವಾಗಿ ಉಸಿರು ಬಿಟ್ಟ. "ಇದಕ್ಕೇ ಕಾಯ್ತಿದ್ದೆ. ನನಗೆ ನೀವಂದ್ರೆ ಇಷ್ಟ. ತುಂಬ ಇಷ್ಟ."

ಅವಳು ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

"ಮತ್ತೆ... ಇಷ್ಟು ದಿನ ಮುಖ ತಿರುಗಿಸ್ಕೊಂಡು ಓಡಾಡಿದ್ರಲ್ಲ?"

"ಅವತ್ತೇ ಹೇಳೋಕೆ ಹೋದೆ. ಆದ್ರೆ ನಿಮ್ಮ ಮನೆ ಕೀ ನನ್ನ ಜೇಬಲ್ಲಿತ್ತು. ಆಗ ಕೇಳಿದ್ರೆ ನೀವು ಬೇಡ ಅನ್ನೋಕೆ ಹೆದರ್ತಿದ್ರಿ. ಅಜ್ಜಿಗೋಸ್ಕರ, ಮನೆಗೋಸ್ಕರ ಹೂಂ ಅಂದುಬಿಟ್ಟಿದ್ರೆ? ನನಗೆ ಅಂಥಾ ಹೂಂ ಬೇಡ."

ಅವಳ ಕಣ್ಣು ತುಂಬಿ ಬಂತು. ಇವನ ಮೌನವನ್ನು ಎಷ್ಟು ತಪ್ಪಾಗಿ ತಿಳಿದುಕೊಂಡಿದ್ದಳು! ಅಧಿಕಾರ ಕೈಯಲ್ಲಿದ್ದಾಗ ಬಾಯಿ ಮುಚ್ಚಿಕೊಂಡಿದ್ದವನನ್ನು ಅವಳು ತನ್ನ ಬದುಕಿನಲ್ಲಿ ಎಲ್ಲೂ ಕಂಡಿರಲಿಲ್ಲ.

"ನಾನು ಬೇಡ ಅಂದ್ರೆ?"

"ಮೇಲಿನ ಮನೆ ನಿಮ್ದೇ. ಕೆಳಗಿನ ಅಂಗಡಿ ನಂದು. ಮೆಟ್ಟಿಲಲ್ಲಿ ಸಿಕ್ಕಾಗ ನಮಸ್ಕಾರ ಹೇಳ್ತೀನಿ."

"ಹೂಂ ಅಂದ್ರೆ?"

ಅವನು ತಬ್ಬಿಬ್ಬಾದ. "ಅದು... ಅದನ್ನ ಕಚೇರೀಲಿ ಕೇಳ್ಲಿಲ್ಲ."

ಅವಳು ಅಳುತ್ತಲೇ ನಕ್ಕಳು. ಅವನು ಹಿಂದೆ ಸರಿದಿದ್ದ ಆ ಒಂದು ಹೆಜ್ಜೆಯನ್ನು ತಾನೇ ಮುಂದಿಟ್ಟು, ಅವನ ಬಣ್ಣ ಮೆತ್ತಿದ ಕೈ ಹಿಡಿದುಕೊಂಡಳು.

"ಹೂಂ" ಎಂದಳು.

"ನಿಜವಾಗ್ಲೂ? ಹೆದರ್ಕೊಂಡು ಹೇಳ್ತಿಲ್ಲ ತಾನೇ?"

"ಇಲ್ಲ ಕಣೋ... ಬದುಕಲ್ಲಿ ಮೊದಲ ಸಲ, ಹೆದರಿಕೆ ಇಲ್ಲದೆ ಹೇಳ್ತಿದ್ದೀನಿ."