ದೋಣಿಗೆ ನೀರು ಹೊಯ್ದವನು

"ಯಾರ್ರೀ ಅದು? ದೋಣಿಗೆ ನೀರು ಹಾಕ್ತಿರೋದು ಯಾರು?"

ಬೀಗದ ಕೈ ಇನ್ನೂ ಅವಳ ಬೆರಳಲ್ಲೇ ತೂಗುತ್ತಿತ್ತು. ಸಂಗ್ರಹಾಲಯದ ಹಿಂದಿನ ಹಜಾರದ ನೆಲವೆಲ್ಲ ಒದ್ದೆ. ನಡುವೆ, ದಿಮ್ಮಿಗಳ ಮೇಲೆ ಕೂರಿಸಿದ್ದ ಹಳೆಯ ದೋಣಿಯ ಸಂದುಸಂದಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಬಕೆಟ್ ಹಿಡಿದು ನಿಂತಿದ್ದವನು ತಿರುಗಿ ನೋಡಿದ. ಮುಖದಲ್ಲಿ ಅಳುಕಿನ ಸುಳಿವೇ ಇರಲಿಲ್ಲ.

"ಬಾಯಾರಿದೆ ಮೇಡಂ ಇದಕ್ಕೆ. ಹಲಗೆ ಹೇಗೆ ಬಾಯಿ ಬಿಟ್ಟಿದೆ ನೋಡಿ. ಇನ್ನೊಂದೆರಡು ಬಕೆಟ್ ಹಾಕಿದ್ರೆ ಸಂಜೆ ಹೊತ್ತಿಗೆ ಕೂಡ್ಕೊಳ್ಳುತ್ತೆ."

"ಇದು ಮ್ಯೂಸಿಯಂ ಕಣ್ರೀ, ಹೊಳೆ ಅಲ್ಲ."

"ದೋಣಿಗೆ ಅದು ಗೊತ್ತಾಗಬೇಕಲ್ಲ..."

ಅವಳು ಇನ್ನೇನೋ ಅನ್ನಬೇಕೆಂದಿದ್ದಳು. ಅಷ್ಟರಲ್ಲಿ ಕಣ್ಣು ದೋಣಿಯ ಮೂತಿಯ ಮೇಲೆ ಬಿತ್ತು.

ಸೇತುವೆ ಬರುವ ಮೊದಲು ಊರಿಗೆ ಊರನ್ನೇ ದಡ ದಾಟಿಸಿದ ದೋಣಿ ಅದು. ಹೊಸದಾಗಿ ಹುಟ್ಟು ಹಿಡಿದ ಪ್ರತಿಯೊಬ್ಬ ಅಂಬಿಗನೂ ಅದರ ಮೂತಿಯ ಮೇಲೆ ಒಂದು ಬಿಳಿಯ ಮೀನು ಬರೆಯುತ್ತಿದ್ದನಂತೆ. ಸಾಲಿನ ಕೊನೆಯ ಮೀನು ಅವಳ ಅಜ್ಜ ಬರೆದದ್ದು. ಬಾಲ ಸ್ವಲ್ಪ ಸೊಟ್ಟ. ಚಿಕ್ಕಂದಿನಲ್ಲಿ ಅಜ್ಜನ ತೊಡೆಯ ಮೇಲೆ ಕೂತು ಆ ಸೊಟ್ಟ ಬಾಲಕ್ಕೆ ಅವಳು ನಕ್ಕದ್ದುಂಟು.

ಈಗ ನೀರು ಕುಡಿದ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತ್ತು. ಅವಳು ನೋಡುತ್ತಿದ್ದಂತೆಯೇ ಕೊನೆಯ ಮೀನು ಮರವನ್ನು ಬಿಟ್ಟು, ಹಾಲಿನ ಕೆನೆಯಂತೆ ಮಡಚಿಕೊಂಡು ನೆಲಕ್ಕೆ ಜಾರಿತು.

ಅವನ ಕೈಯಿಂದ ಬಕೆಟ್ ಬಿತ್ತು. ಆಗ ಅಳುಕಿದ ಅವನು. ಆದರೆ ಅವಳಿಗೆ ಅದನ್ನು ನೋಡುವ ವ್ಯವಧಾನವಿರಲಿಲ್ಲ.

ಅವನು ದೋಣಿ ಕಟ್ಟುವವರ ಮನೆಯ ಬಡಗಿ. ದೋಣಿಗೆ ಹೊಸ ಪೀಠ ಮಾಡಲೆಂದು, ಸಂಗ್ರಹಾಲಯವನ್ನು ನಡೆಸುವ ಇತಿಹಾಸ ಸಂಘದ ಅಧ್ಯಕ್ಷೆಯೇ ಬಾಗಿಲು ತೆಗೆಸಿ ಕಳಿಸಿದ್ದರು. ಈ ಅಧ್ಯಕ್ಷೆ ಹಿಂದೆ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಎಲ್ಲರ ಬಾಯಲ್ಲೂ 'ದೊಡ್ಡಮ್ಮ'. ಸಂಗ್ರಹಾಲಯದ ಪಾಲಕಿಯಾದ ಅವಳು ಅವರ ಮುಂದೆ ನಿಂತು, ಒಂದೋ ಆ ಬಡಗಿ ಇರಬೇಕು ಇಲ್ಲವೇ ತಾನಿರಬೇಕು ಎಂದು ಹಟ ಹಿಡಿದಳು. ದೊಡ್ಡಮ್ಮ ಶಾಂತವಾಗಿ ಕೇಳಿಸಿಕೊಂಡರು. ಒದ್ದೆಯಾದ ದೋಣಿ ಒಮ್ಮೆಗೇ ಒಣಗಿದರೆ ಸೀಳಿಹೋಗುತ್ತದೆ, ಒದ್ದೆ ಬಟ್ಟೆ ಹೊದಿಸಿ ನಿಧಾನವಾಗಿ ಒಣಗಿಸಬೇಕು, ಅದು ಒಬ್ಬರಿಂದಾಗುವ ಕೆಲಸವಲ್ಲ ಎಂದರು.

"ಇಬ್ಬರೂ ಇರಿ. ಜಗಳ ಆಡೋದಾದ್ರೆ ಕೆಲಸ ಮಾಡ್ತಾ ಆಡಿ."

ಹಾಗೆ ಶುರುವಾಯಿತು. ಬೆಳಿಗ್ಗೆ ಅವಳು ಬಟ್ಟೆ ನೆನೆಸಿ ಹಿಂಡಿ ಕೊಡುವುದು, ಅವನು ಹೊದಿಸುವುದು. ದಿನದಿಂದ ದಿನಕ್ಕೆ ತೇವ ಕಡಿಮೆ ಮಾಡುತ್ತಾ ಬರಬೇಕು. ಅವಳು ಸಿಡುಕಿದರೆ ಅವನು ಸುಮ್ಮನಿರುತ್ತಿದ್ದ. ಅವನು ಸುಮ್ಮನಿದ್ದರೆ ಅವಳಿಗೆ ಇನ್ನೂ ಸಿಟ್ಟು. ಒಮ್ಮೆ ಬಟ್ಟೆಯನ್ನು ಅವಳು ಎಷ್ಟು ಬಿಗಿಯಾಗಿ ಹಿಂಡಿದಳೆಂದರೆ, ಅದು ತನ್ನ ಕುತ್ತಿಗೆ ಅಲ್ಲ ತಾನೇ ಎಂದು ಅವನು ಕೇಳಿದ. ನಗಬಾರದೆಂದುಕೊಂಡರೂ ನಗು ಬಂದೇಬಿಟ್ಟಿತು.

ಮನೆಯಲ್ಲಿ ಅಮ್ಮನದು ಬೇರೆ ರಾಗ. ಮದುವೆ ಮಾಡ್ಕೋ ಅಂದರೆ ಮರದ ದೋಣಿಗೆ ಹೊದಿಕೆ ಹೊದಿಸ್ತಾ ಕೂತಿದ್ದಾಳೆ ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಅಮ್ಮನಿಗೆ ತಿಳಿಯದಿದ್ದ ಸಂಗತಿಯೆಂದರೆ, ಬೆಳಿಗ್ಗೆ ಬೇಗ ಹೊರಡುವಾಗ ಮಗಳ ಮನಸ್ಸು ಈಗ ಬರಿಯ ದೋಣಿಯನ್ನು ನೆನೆಯುತ್ತಿರಲಿಲ್ಲ.

ಅವನು ದಿನವೂ ದೋಣಿಯನ್ನು ಮುಟ್ಟುವ ಮೊದಲು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ. ಏನು ಬೇಡಿಕೊಳ್ಳುತ್ತೀರಿ ಎಂದು ಅವಳು ಒಂದು ದಿನ ಕೇಳಿದಾಗ, ಬೇಡುವುದೇನಿಲ್ಲ, ಕ್ಷಮೆ ಕೇಳುತ್ತೇನೆ ಎಂದ. ಆ ದಿನ ಅವಳಿಗೆ ಸಿಡುಕಲು ಆಗಲಿಲ್ಲ.

ಅವಳನ್ನೂ ಒಳಗೊಳಗೇ ಒಂದು ಮುಳ್ಳು ಚುಚ್ಚುತ್ತಿತ್ತು. ಹಲಗೆಗಳು ಬಾಯಿ ಬಿಟ್ಟದ್ದು ಯಾಕೆ? ಬೂಷ್ಟು ಹಿಡಿದೀತೆಂಬ ಭಯದಿಂದ ಅವಳೇ ಹಜಾರದಲ್ಲಿ ಗಾಳಿಯ ತೇವ ಹೀರುವ ಯಂತ್ರವನ್ನು ತಂದಿಟ್ಟಿದ್ದಳು. ಹಗಲೂ ಇರುಳೂ, ಪೂರ್ತಿ ಜೋರಿನಲ್ಲಿ. ಹೊಳೆಯಲ್ಲೇ ಬಾಳಿದ ಮರ ಒಣಗಿ ಬಿರಿದದ್ದು ಅದರಿಂದಲೇ. ಅವನು ನೀರು ಹೊಯ್ದು ಮೀನುಗಳನ್ನು ಕಳೆದ. ಆದರೆ ಮರಕ್ಕೆ ಬಾಯಾರಿಕೆ ತಂದವಳು ತಾನು...

ಇವತ್ತು ಹೇಳಿಬಿಡುತ್ತೇನೆ ಎಂದು ದಿನವೂ ಅಂದುಕೊಳ್ಳುತ್ತಿದ್ದಳು. ಅವನು ಎದುರಿಗೆ ಬಂದು ನಿಂತಾಗ ನಾಲಿಗೆ ಏಳುತ್ತಿರಲಿಲ್ಲ. ಪ್ರೀತಿ ಮೊಳೆಯುತ್ತಿರುವ ಕಡೆ ಮಾನಕ್ಕೆ ಅಂಜಿಕೆ ಜಾಸ್ತಿ.

ಭಯಕ್ಕೆ ಇನ್ನೂ ಒಂದು ಕಾರಣವಿತ್ತು. ದೂರದ ದೊಡ್ಡ ಸಂಗ್ರಹಾಲಯದ ತಜ್ಞರು ದೋಣಿಯನ್ನು ನೋಡಲು ಬರುವವರಿದ್ದರು. ಇಲ್ಲಿ ಸರಿಯಾಗಿ ಕಾಪಾಡುತ್ತಿಲ್ಲವೆಂದು ಅವರಿಗನಿಸಿದರೆ ದೋಣಿ ಅವರ ಪಾಲು. ಅಜ್ಜನ ದೋಣಿ ಯಾವುದೋ ಊರಿನ ಗಾಜಿನ ಗೋಡೆಯ ಹಿಂದೆ ಹೋಗಿ ಕೂರುವುದನ್ನು ಕಲ್ಪಿಸಿಕೊಳ್ಳಲೂ ಅವಳಿಂದ ಆಗುತ್ತಿರಲಿಲ್ಲ.

ತಜ್ಞರು ಬಂದರು. ಒಬ್ಬೊಬ್ಬರನ್ನೇ ಕರೆದು ಮಾತಾಡಿದರು. ಮೊದಲು ಅವನು ಒಳಗೆ ಹೋದ. ಅವಳು ಹೊರಗೆ ಬೆಂಚಿನ ಮೇಲೆ ಕೂತು, ಹೇಳಬೇಕಾದ ಸತ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಬಾಗಿಲು ತೆರೆಯಿತು. ಅವನು ಅವಳತ್ತ ನೋಡದೆ ನೇರವಾಗಿ ನಡೆದುಬಿಟ್ಟ. ಹಿಂದೆಯೇ ಬಂದ ಹಿರಿಯ ತಜ್ಞರು, "ಅವನು ಎಲ್ಲಾ ಹೇಳಿದ್ದಾನಮ್ಮ, ನೀವಿನ್ನು ಏನೂ ಹೇಳೋದು ಬೇಡ. ಮುಂದೆ ಹುಷಾರಾಗಿರಿ," ಎಂದರು.

ಹಜಾರದಲ್ಲಿದ್ದ ಆ ಯಂತ್ರ ಅವನ ಕಣ್ಣಿಗೆ ಬಿದ್ದಿತ್ತು, ಎಲ್ಲಾ ಗೊತ್ತಿತ್ತು! ತನ್ನ ಮುಂದೆ ಬಾಯಿ ಬಿಡದೆ, ಹೋಗಿ ಅವರ ಮುಂದೆ ಬಾಯಿ ಬಿಟ್ಟ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನೂ ಇಲ್ಲ. ಒಣಗಿದ ಬಟ್ಟೆಗಳನ್ನು ಒಬ್ಬಳೇ ಮಡಚುತ್ತಾ ಅವಳು ಹಲ್ಲು ಕಚ್ಚಿದಳು. ಅವನ ಮೇಲೆ ಸಿಟ್ಟು, ನಂಬಿದ ತನ್ನ ಮೇಲೆ ಸಿಟ್ಟು, ಬಾಗಿಲು ಕಿರ್ರೆಂದಾಗಲೆಲ್ಲ ತಿರುಗುತ್ತಿದ್ದ ತನ್ನ ಕತ್ತಿನ ಮೇಲೂ ಸಿಟ್ಟು. ದೋಣಿ ಇಲ್ಲೇ ಉಳಿಯುತ್ತದೆಂಬ ಸುದ್ದಿ ಬಂದ ದಿನವೂ ಅವಳಿಗೆ ಯಾಕೋ ಸಂತೋಷವಾಗಲಿಲ್ಲ.

ಸುದ್ದಿ ತಂದ ದೊಡ್ಡಮ್ಮ ಅವಳ ಮುಖ ನೋಡಿ ಎದುರಿಗೆ ಕೂತರು. ಆ ಬಡಗಿಯ ಹೆಸರೆತ್ತಬೇಡಿ, ಚಾಡಿಕೋರ ಎಂದು ಅವಳು ಸಿಡಿದಾಗ, ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಚಾಡಿನಾ? ಬಣ್ಣ ಹಾಳಾಗಿದ್ದೂ ನನ್ನಿಂದ, ಹಲಗೆ ಬಿರಿದಿದ್ದೂ ನನ್ನಿಂದ ಅಂದನಂತೆ ಕಣೇ. ಪೀಠ ಮಾಡುವಾಗ ಸುತ್ತಿಗೆ ಏಟು ಜೋರಾಗಿ ಬಿತ್ತು ಅಂತ. ಅದಕ್ಕೇ ಅವನು ಇನ್ನು ಈ ಹೊಸಿಲು ತುಳಿಯಬಾರದು ಅಂತ ಹೇಳಿ ಹೋದ್ರು ಅವರು. ಊರಲ್ಲೂ ಯಾರೂ ಅವನಿಗೆ ಕೆಲಸ ಕೊಡ್ತಿಲ್ಲ."

ಭಗವಂತ ಮನುಷ್ಯನನ್ನು ಕೆಲವೊಮ್ಮೆ ಕೂಗಿ ಎಬ್ಬಿಸುವುದಿಲ್ಲ, ಸುಮ್ಮನೆ ದೀಪ ಹಚ್ಚಿ ಪಕ್ಕದಲ್ಲಿಡುತ್ತಾನೆ. ಕಣ್ಣು ತೆರೆಯುವ ಕಷ್ಟ ನಮ್ಮದೇ. ಅವಳು ಕಣ್ಣು ಒರೆಸಿಕೊಂಡು, ದೊಡ್ಡಮ್ಮನ ಎದುರಲ್ಲೇ ತಜ್ಞರಿಗೆ ಫೋನ್ ಮಾಡಿದಳು. ಯಂತ್ರದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಆ ಕಡೆಯಿಂದ ಬಂದ ಉತ್ತರವನ್ನು ಕೇಳಿ, ಸರಿ ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಅಲ್ಲಿಂದ ನೇರ ಅವನ ಮರಗೆಲಸದ ಕೊಟ್ಟಿಗೆಗೆ ನಡೆದಳು. ಹೊಳೆಯ ದಂಡೆಯಲ್ಲಿ ತಗಡಿನ ಸೂರು, ಕೆಳಗೆ ಮರದ ಹೊಟ್ಟಿನ ರಾಶಿ. ಬೇರೆ ಕೆಲಸವಿಲ್ಲದೆ ಅವನು ತನ್ನದೇ ಮನೆಯ ಮುರಿದ ಕುರ್ಚಿಯ ಕಾಲು ಕೂರಿಸುತ್ತಿದ್ದ. ಅವಳನ್ನು ನೋಡಿ ಎದ್ದು ನಿಂತ.

"ಯಾರು ಹೇಳಿದ್ರು ನಿಮಗೆ ದೊಡ್ಡತನ ತೋರಿಸೋಕೆ?" ಅವಳು ಸೂರಿನ ಕೆಳಗೆ ಬಂದು ನಿಂತಳು. "ನನ್ನ ತಪ್ಪನ್ನ ನೀವ್ಯಾಕೆ ಹೊತ್ಕೊಂಡ್ರಿ? ನಾನು ಕೇಳಿದ್ನಾ?"

"ದೊಡ್ಡತನ ಅಲ್ಲ ಮೇಡಂ. ಮೀನು ಹಾಳು ಮಾಡಿದ್ದು ನಾನೇ ತಾನೇ. ಅದರ ಜೊತೆ ಇನ್ನೊಂದು ಸೇರಿದ್ರೆ ನನಗೇನು ಭಾರ? ದೋಣಿ ನಿಮ್ಮ ಹತ್ರ ಉಳಿಯುತ್ತಲ್ಲ ಅಂದ್ಕೊಂಡೆ."

"ಅಷ್ಟು ಮಾಡಿ ಒಂದು ಮಾತೂ ಹೇಳದೆ ಹೋದ್ರಿ. ನಾನು ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದಿದ್ದೀನಿ ಗೊತ್ತಾ?"

"ಹೇಳಿದ್ರೆ ನೀವು ಸುಮ್ನೆ ಇರ್ತಿದ್ರಾ?"

ಇರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವಳು ಕುರ್ಚಿಯ ಮುರಿದ ಕಾಲನ್ನು ನೋಡುತ್ತಾ, ಈಗ ತಾನೇ ಫೋನ್ ಮಾಡಿ ಎಲ್ಲಾ ಹೇಳಿಬಿಟ್ಟೆ ಎಂದಳು. ಅವನು ಉಳಿ ಕೆಳಗಿಟ್ಟ.

"ಏನಂದ್ರು?"

"ದೋಣಿ ತಗೊಂಡು ಹೋಗ್ತಾರೆ. ಮುಂದಿನ ವಾರ."

ಅವನು ತಲೆಯ ಮೇಲೆ ಕೈ ಹೊತ್ತು ಮರದ ದಿಮ್ಮಿಯ ಮೇಲೆ ಕುಸಿದ. "ಅಯ್ಯೋ... ಅದೊಂದು ಉಳೀಲಿ ಅಂತ ತಾನೇ ನಾನು... ನಿಮ್ಮ ಅಜ್ಜನ ದೋಣಿ ಮೇಡಂ ಅದು. ಯಾಕೆ ಹೀಗೆ ಮಾಡಿದ್ರಿ?"

"ನೀವು ಕಳ್ಳನ ಹಾಗೆ ತಲೆ ತಗ್ಗಿಸಿ ಓಡಾಡ್ತಿದ್ರೆ, ನಾನು ದಿನಾ ಬೀಗ ತೆಗೆದು ಅದರ ಮುಂದೆ ಹೇಗೆ ನಿಂತ್ಕೊಳ್ಳಲಿ?" ಅವಳ ಕಣ್ಣು ತುಂಬಿತು. "ನನಗೆ ದೋಣಿ ಬೇಕಿತ್ತು. ತುಂಬಾ ಬೇಕಿತ್ತು. ಆದ್ರೆ ನಿಮ್ಮನ್ನ ಬಿಟ್ಟು ಬೇಕಾಗಿರಲಿಲ್ಲ."

ಹೊಳೆಯ ಕಡೆಯಿಂದ ಗಾಳಿ ಬೀಸಿತು. ಮರದ ಹೊಟ್ಟು ಅವಳ ಸೀರೆಯ ಅಂಚಿಗೆ ಅಂಟಿತು. ಅವನು ತಲೆಯೆತ್ತಿ ಅವಳನ್ನು ನೋಡಿದ. ಇಷ್ಟು ದಿನ ನೋಡಬಾರದೆಂದು ತಡೆದಿಟ್ಟಿದ್ದ ನೋಟವೆಲ್ಲ ಆ ಒಂದು ಗಳಿಗೆಯಲ್ಲಿ ಸೋರಿಹೋಯಿತು.

"ಇನ್ನೊಂದ್ಸಲ ಹೇಳಿ," ಎಂದ ಮೆಲ್ಲಗೆ.

"ಹೇಳಲ್ಲ. ಕೋಪ ಇನ್ನೂ ಇಳಿದಿಲ್ಲ ನನಗೆ."

ಅವನು ದಿಮ್ಮಿಯ ಮೇಲಿನ ಹೊಟ್ಟನ್ನು ಅಂಗೈಯಿಂದ ಸವರಿ, ಪಕ್ಕಕ್ಕೆ ಸರಿದು ಜಾಗ ಮಾಡಿದ. ಅವಳು ಕೂತಳು. ಇಬ್ಬರ ಎದುರಿಗೂ ಹೊಳೆ ಹರಿಯುತ್ತಿತ್ತು.

"ಆ ಹಜಾರ ಖಾಲಿ ಹೊಡೆಯುತ್ತಲ್ಲ," ಎಂದ ಅವನು. "ಇನ್ನು ದಿನಾ ಯಾರನ್ನ ನೋಡಿ ಸಿಡುಕ್ತೀರಿ?"

ಅವಳು ಅಳುತ್ತಲೇ ನಕ್ಕಳು. ಉಳಿ ಹಿಡಿದು ಒರಟಾಗಿದ್ದ ಅವನ ಕೈಯನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಅದಕ್ಕೇ ತಾನೇ ಇಲ್ಲಿವರೆಗೂ ಬಂದಿರೋದು."